ಕಳುಹಿಸಲಾಗಿದೆ

ಜೂನ್ ೨, ಸೋಮವಾರ

ಇವತ್ತು ಹೊಸ ಸರ್ವರ್ ಕೂಡಿಸಿದೆವು. ಹಳೆಯದು ಬೇಸಿಗೆಯಿಡೀ ಮನಸ್ಸು ಬಂದಾಗ ಆರಿಹೋಗುತ್ತಿತ್ತು. ಅದು ಆರಿದಾಗಲೆಲ್ಲ ಪೂನಂ ನನ್ನ ಕೋಣೆಗೆ ಓಡಿ ಬರುತ್ತಿದ್ದಳು. ಪೂನಂ ನಮ್ಮ ಕೇಂದ್ರದ ನರ್ಸು, ರೋಗಿಗಳಿಗೆ ಪಾಳಿ ಹಚ್ಚುವವಳು. ಹುಮನಾಬಾದಿನಲ್ಲಿ ಟ್ರಸ್ಟಿನವರು ನಡೆಸುವ ಡಯಾಲಿಸಿಸ್ ಕೇಂದ್ರ ನಮ್ಮದು. ಮೂತ್ರಪಿಂಡ ಕೆಟ್ಟವರು ಸುತ್ತಲಿನ ಹಳ್ಳಿಗಳಿಂದ ವಾರಕ್ಕೆ ಎರಡು ಸಲ ಬಂದು ರಕ್ತ ಶುದ್ಧ ಮಾಡಿಸಿಕೊಂಡು ಹೋಗುತ್ತಾರೆ. ನೀರಿನ ಪ್ಲಾಂಟ್ ಕೆಟ್ಟರೆ, ಕರೆಂಟ್ ಹೋದರೆ ಪಾಳಿ ಹಿಂದೆ ಮುಂದೆ ಆಗುತ್ತದೆ. ಆಗ ಪೂನಂ ಕಂಪ್ಯೂಟರಿನಲ್ಲಿ ನಮ್ಮ ಪುಟ ತೆರೆದು, ಹೊಸ ದಿನ ತುಂಬಿ ಗುಂಡಿ ಒತ್ತುತ್ತಾಳೆ. ಅವರವರ ಫೋನಿಗೆ ಸಂದೇಶ ಹೋಗುತ್ತದೆ. ಆ ಪುಟ ಓಡುವ ಸರ್ವರ್ ನನ್ನ ಸುಪರ್ದಿನಲ್ಲಿದೆ. ಇವಳ ಹೆಸರು ಸರ್ವರಿ, ಕೆಲಸವೂ ಸರ್ವರಿನದೇ ಎಂದು ನಮ್ಮ ಆಡಳಿತಾಧಿಕಾರಿ ಧರ್ಮೇಂದ್ರ ಸರ್ ಹೊಸಬರ ಮುಂದೆಲ್ಲ ಹೇಳಿ ನಗುತ್ತಾರೆ. ಅವರು ಹಾಗೆ ಹೇಳಿದಾಗ ನನಗೆ ಒಳಗೊಳಗೆ ಖುಷಿ.

ಹಳೆಯ ಸರ್ವರಿನಿಂದ ಎಲ್ಲವನ್ನೂ ಹೊಸದಕ್ಕೆ ಸಾಗಿಸಿದ್ದು ಕಲಬುರಗಿಯ ಕಂಪನಿಯ ಇಂಜಿನಿಯರ್ ಫಾಜಿಲ್. ಅವನು ಇಲ್ಲಿಗೆ ಬರಲಿಲ್ಲ, ಅಲ್ಲಿಂದಲೇ ಮಾಡಿದ. ಕೊನೆಗೆ ಪರೀಕ್ಷೆ ಮಾಡುವುದು ನನ್ನ ಪಾಲಿಗೆ ಬಂತು. ಕಪ್ಪು ಪರದೆಯ ಮೇಲೆ ಕಮಾಂಡ್ ಹೊಡೆದೆ, ನನ್ನ ಫೋನಿಗೆ ಸಂದೇಶ ಬಂತು. ಇನ್ನೊಮ್ಮೆ ಹೊಡೆದೆ, ಮತ್ತೆ ಬಂತು. ಎಲ್ಲ ಬರೋಬ್ಬರಿ ಇದೆ ಎಂದು ಸರ್‌ಗೆ ಹೇಳಿ ಸಹಿ ಹಾಕಿ ಕೊಟ್ಟೆ. ಅವರು ಶಾಬಾಸ್ ಎಂದರು.

ಈ ಡೈರಿಯನ್ನು ಕನ್ನಡದಲ್ಲಿ ಬರೆಯುವುದರಿಂದ ಒಂದು ಉಪಯೋಗವಿದೆ. ಅಮ್ಮಿಗೆ ಉರ್ದು ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಅಣ್ಣ ಫಿರೋಜ್ ಭಾಯಿ ಸಸ್ತಾಪುರ ಬಂಗ್ಲಾ ಕ್ರಾಸಿನ ತನ್ನ ಟೈರ್ ಅಂಗಡಿಯಲ್ಲಿ ಬಿಲ್ಲಿನ ಮೇಲಿನ ಅಂಕಿಗಳನ್ನಷ್ಟೇ ನೋಡುತ್ತಾನೆ. ಗಂಡನ ಮನೆ ಬಿಟ್ಟು ಬಸವಕಲ್ಯಾಣಕ್ಕೆ ತಿರುಗಿ ಬಂದ ಮೇಲೆ ನಾನಾಗಿ ಹುಡುಕಿಕೊಂಡ ಕೆಲಸ ಇದು. ಇದಿರುವ ತನಕ ಎರಡನೆಯ ನಿಕಾಹದ ಮಾತನ್ನು ಭಾಯಿ ಜೋರಾಗಿ ಎತ್ತುವುದಿಲ್ಲ.

ಜೂನ್ ೫, ಗುರುವಾರ

ನೀರಿನ ಪ್ಲಾಂಟಿನ ರಿಪೇರಿಗಾಗಿ ಇವತ್ತು ಕೇಂದ್ರ ರೋಗಿಗಳಿಗೆ ಬಂದ್ ಇತ್ತು, ನಾವು ಕೆಲಸದವರು ಮಾತ್ರ ಇದ್ದೆವು. ಗುರುವಾರದ ರೋಗಿಗಳಿಗೆಲ್ಲ ನಿನ್ನೆಯೇ ಬರಲು ಹೇಳಿ ಪೂನಂ ಮಂಗಳವಾರವೇ ಸಂದೇಶ ಕಳಿಸಿದ್ದಳು. ಬಹುತೇಕ ಎಲ್ಲರೂ ನಿನ್ನೆ ಬಂದು ಹೋದರು. ಇಬ್ಬರು ಮಾತ್ರ ಬರಲಿಲ್ಲ.

ಅದರಲ್ಲಿ ಒಬ್ಬ ಮುದುಕ, ಬೇಮಳಖೇಡದವನು, ಇವತ್ತು ಮುಂಜಾನೆ ಹೆಂಡತಿಯನ್ನು ಕರೆದುಕೊಂಡು ಬಂದ. ಬಾಗಿಲು ಹಾಕಿದ್ದು ನೋಡಿ ಮೆಟ್ಟಿಲ ಮೇಲೆ ಕುಳಿತ. ಕಾಲು ಬಾತುಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿತ್ತು. ಮಡೆಪ್ಪ ಎಂದು ಹೆಸರು. ಹೆಂಡತಿ ಬಾಳಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಮೆಸೇಜ್ ಬಂದೇ ಇಲ್ಲ ಎಂದು ಒಂದೇ ಸಮನೆ ಹೇಳುತ್ತಿದ್ದಳು.

"ಫೋನ್ ಯಾವಾಗ್ಲೂ ನನ್ನ ಹತ್ರಾನೇ ಇರ್ತದ್ರಿ ಮೇಡಂ. ನನಗ ಓದಾಕ ಬರಂಗಿಲ್ಲ, ಆದ್ರ ಸಪ್ಪಳ ಆದಕೂಡ್ಲೇ ಬಾಜೂ ಮನ್ಯಾಗ ತೋರಿಸ್ತೀನ್ರಿ. ಸಪ್ಪಳಾನೇ ಆಗಿಲ್ಲ."

ನಾನು ಪುಟ ತೆರೆದು ನೋಡಿದೆ. ಮಡೆಪ್ಪನ ಹೆಸರಿನ ಮುಂದೆ ಹಸಿರು ಅಕ್ಷರದಲ್ಲಿ 'ಕಳುಹಿಸಲಾಗಿದೆ' ಎಂದಿತ್ತು. ಪರದೆಯನ್ನು ಅವಳ ಕಡೆ ತಿರುಗಿಸಿದೆ.

"ನೋಡ್ರಿ ಅಮ್ಮ, ಇಲ್ಲಿ ಹೋಗ್ಯಾದ ಅಂತ ಅದ. ನೀವೇ ನೋಡಿಲ್ಲ."

ಅವಳು ಆ ಹಸಿರು ಅಕ್ಷರವನ್ನೇ ನೋಡುತ್ತಾ ನಿಂತಳು. ಆಮೇಲೆ ಸೆರಗಿನಿಂದ ಗುಂಡಿ ಫೋನ್ ತೆಗೆದು ಅದನ್ನೂ ನೋಡಿದಳು. ನಾಳೆಯ ಪಾಳಿಯಲ್ಲಿ ಜಾಗ ಮಾಡಬಹುದೇ ಎಂದು ಪೂನಂ ಸರ್‌ಗೆ ಕೇಳಿದಳು. ನಾಳೆ ತುಂಬಿದೆ, ನಾಡಿದ್ದು ಬಕ್ರೀದ್ ರಜೆ, ಹೇಳಿದ ದಿನ ಬಾರದವರಿಗಾಗಿ ಬಂದವರನ್ನು ಎಬ್ಬಿಸಲಾಗುವುದಿಲ್ಲ, ಸೋಮವಾರ ಬರಲಿ ಎಂದು ಸರ್ ಹೇಳಿದರು. ನಿಯಮ ಎಲ್ಲರಿಗೂ ಒಂದೇ ಇರಬೇಕಲ್ಲ. ಉಸಿರು ಹಿಡಿದರೆ ಬೀದರಿಗೆ ಒಯ್ಯಿರಿ ಎಂದು ಪೂನಂ ಚೀಟಿ ಬರೆದುಕೊಟ್ಟಳು.

ಸಂಜೆಯ ಬಸ್ಸಿನಲ್ಲಿ ಹಬ್ಬದ ಗದ್ದಲ. ದಾರಿಯಲ್ಲಿನ ರಾಜೇಶ್ವರದ ತನಕ ನಿಂತೇ ಬಂದೆ.

ಜೂನ್ ೭, ಶನಿವಾರ

ಹಬ್ಬ. ಅಮ್ಮಿ ಮುಂಜಾನೆಯಿಂದ ಒಲೆ ಬಿಟ್ಟು ಏಳಲಿಲ್ಲ. ಭಾಯಿ ಮೋರಖಂಡಿಯ ಯಾರದೋ ಮನೆಯ ಸಂಬಂಧದ ಮಾತು ತೆಗೆದ. ನನಗೆ ಕೆಲಸ ಬಹಳ ಇದೆ, ಹೊಸ ಸರ್ವರ್ ಬಂದಿದೆ ಎಂದೆ. ಅವನಿಗೆ ಏನೂ ತಿಳಿಯಲಿಲ್ಲ, ಸುಮ್ಮನಾದ.

ಜೂನ್ ೯, ಸೋಮವಾರ

ಮಡೆಪ್ಪ ತೀರಿಕೊಂಡ. ನಿನ್ನೆ ಮುಂಜಾನೆ ಉಸಿರು ಹಿಡಿಯಿತಂತೆ. ಮಗ ಜೀಪ್ ತಂದು ಬೀದರಿಗೆ ಒಯ್ಯುತ್ತಿದ್ದಾಗ ದಾರಿಯಲ್ಲೇ ಜೀವ ಹೋಯಿತಂತೆ. ಪೂನಂಗೆ ಯಾರೋ ಫೋನ್ ಮಾಡಿ ಹೇಳಿದ್ದಾರೆ. ಅವಳು ಅವನ ಮಂಚದ ಹತ್ತಿರ ನಿಂತು ನಳಿಕೆ ಸುತ್ತುತ್ತಿದ್ದಳು. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದಳು.

ಸರ್ ನನ್ನನ್ನು ಕರೆದು, ಮೆಸೇಜ್ ಹೋದದ್ದರ ಪ್ರಿಂಟ್ ತೆಗೆದಿಡು, ಯಾರಾದರೂ ಕೇಳಿದರೆ ಬೇಕಾಗುತ್ತದೆ ಎಂದರು. ತೆಗೆದುಕೊಟ್ಟೆ. ಅವರು ಅದನ್ನು ಎರಡು ಸಲ ನೋಡಿ ಫೈಲಿನಲ್ಲಿಟ್ಟರು. ನಮ್ಮ ಕಡೆಯಿಂದ ಯಾವ ತಪ್ಪೂ ಆಗಿಲ್ಲ ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡ ಹಾಗಿತ್ತು.

ಪಾಪ, ಆ ಹೆಂಗಸು ಫೋನ್ ಸರಿಯಾಗಿ ನೋಡಿದ್ದರೆ ಆಗುತ್ತಿತ್ತು.

ಜೂನ್ ೧೦, ಮಂಗಳವಾರ

ಆ ದಿನ ಬಾರದಿದ್ದ ಇನ್ನೊಬ್ಬರು ನಿರ್ಣಾದ ಸತ್ಯಮ್ಮ. ಅವಳನ್ನು ಮನೆಯವರು ಬೀದರಿನ ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡಿದ್ದಾರೆ. ಅವಳ ಅಳಿಯ ಬಂದು ಪೂನಂ ಮೇಲೆ ಹರಿಹಾಯ್ದ. ಮೆಸೇಜೇ ಬರಲಿಲ್ಲ ಎಂದು ಅವನೂ ಅಂದ. ಅವನಿಗೂ ಹಸಿರು ಅಕ್ಷರ ತೋರಿಸೋಣ ಎಂದು ಹೊರಟಿದ್ದೆ. ಪೂನಂ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಬಂದಳು.

ಪಾಳಿ ಬದಲಾದಾಗ ಅವಳು ರೋಗಿಗಳ ವಾಟ್ಸಾಪ್ ಗುಂಪಿನಲ್ಲೂ ಹಾಕುತ್ತಾಳೆ. ನಿನ್ನೆಯಿಡೀ ಯೋಚಿಸಿದಳಂತೆ. ಬುಧವಾರ ಬಂದವರೆಲ್ಲ ಆ ಗುಂಪಿನಲ್ಲಿ ಇರುವವರು. ಬಾರದ ಇಬ್ಬರ ಹತ್ತಿರವೂ ಗುಂಡಿ ಫೋನ್, ಅದರಲ್ಲಿ ವಾಟ್ಸಾಪ್ ಇಲ್ಲ.

"ಇಬ್ಬರೂ ಕೂಡೇ ಸುಳ್ಳ ಹ್ಯಾಂಗ ಹೇಳ್ತಾರ ಸರ್ವರಿ?" ಎಂದಳು.

ನಾನು ಕಪ್ಪು ಪರದೆ ತೆರೆದು ಕಮಾಂಡ್ ಹೊಡೆದೆ. ನನ್ನ ಫೋನಿಗೆ ಸಂದೇಶ ಬಂತು. ನೋಡು, ಹೋಗುತ್ತಿದೆ ಎಂದೆ. ಅವಳು, ನಾನು ಒತ್ತುವ ಹಾಗೆ ಒತ್ತಿ ನೋಡು ಎಂದಳು. ಪುಟ ತೆರೆದು ರೋಗಿಯ ಜಾಗದಲ್ಲಿ ನನ್ನ ನಂಬರ್ ತುಂಬಿ ಗುಂಡಿ ಒತ್ತಿದೆ. ಹಸಿರು ಅಕ್ಷರ ಬಂತು. ಕಳುಹಿಸಲಾಗಿದೆ.

ಫೋನ್ ಇಬ್ಬರ ನಡುವೆ ಮೇಜಿನ ಮೇಲಿತ್ತು. ಚಹಾ ಆರಿ ಕೆನೆಗಟ್ಟುವ ತನಕ ಕುಳಿತೆವು. ಏನೂ ಬರಲಿಲ್ಲ.

ಜೂನ್ ೧೧, ಬುಧವಾರ

ಸಿಕ್ಕಿತು. ತಿಳಿದದ್ದನ್ನು ಕ್ರಮವಾಗಿ ಬರೆದಿಡುತ್ತೇನೆ, ಇಲ್ಲದಿದ್ದರೆ ತಲೆ ನಿಲ್ಲುವುದಿಲ್ಲ.

ಪ್ರೋಗ್ರಾಂ ಶುರುವಾಗುವಾಗ ಸುತ್ತಲಿನಿಂದ ಕೆಲವು ಸಂಗತಿ ಕೇಳಿ ತಿಳಿದುಕೊಳ್ಳುತ್ತದೆ. ಇದು ನಿಜವಾದ ಕೆಲಸವೋ ಬರಿಯ ಪರೀಕ್ಷೆಯೋ, ಸಂದೇಶ ಸಾಗಿಸುವವರು ಕೊಟ್ಟ ಗುಪ್ತ ಸಂಖ್ಯೆ ಯಾವುದು, ಇಂಥವು. ಇವಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಎನ್ನುತ್ತಾರೆ. ಹಳೆಯ ಯಂತ್ರದಲ್ಲಿ ಇವನ್ನು, ಪುಟವನ್ನು ನಡೆಸುವ ವೆಬ್ ಸರ್ವರಿನ ಸ್ವಂತ ಫೈಲಿನಲ್ಲೇ ಬರೆದಿದ್ದರು. ಹೊಸದರಲ್ಲಿ ಫಾಜಿಲ್ ನನ್ನ ಲಾಗಿನ್ನಿನ ಫೈಲಿನಲ್ಲಿ ಬರೆದಿಟ್ಟಿದ್ದಾನೆ. ನಾನು ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆದಾಗ ಪ್ರೋಗ್ರಾಂ ನನ್ನ ಹೆಸರಿನಲ್ಲಿ ಶುರುವಾಗುತ್ತದೆ, ನನ್ನ ಫೈಲಿನಲ್ಲಿದ್ದುದೆಲ್ಲ ಅದಕ್ಕೆ ಸಿಗುತ್ತದೆ, ಸಂದೇಶ ಹೋಗುತ್ತದೆ. ಪೂನಂ ಪುಟದ ಗುಂಡಿ ಒತ್ತಿದಾಗ ಅದನ್ನು ಶುರು ಮಾಡುವುದು ವೆಬ್ ಸರ್ವರ್. ಅದು ಓಡುವುದು ಬೇರೆ ಹೆಸರಿನಲ್ಲಿ. ನನ್ನ ಫೈಲ್ ಅದಕ್ಕೆ ಕಾಣುವುದೇ ಇಲ್ಲ. ಯಾರೂ ಏನೂ ಹೇಳದಿದ್ದರೆ ಇದು ಪರೀಕ್ಷೆ ಎಂದು ಪ್ರೋಗ್ರಾಂ ತಿಳಿಯುತ್ತದೆ. ಪರೀಕ್ಷೆಯಲ್ಲಿ ಸಂದೇಶ ಹೊರಗೆ ಹೋಗುವುದಿಲ್ಲ. ಕಳುಹಿಸಲಾಗಿದೆ ಎಂದು ಬರೆದುಕೊಂಡು ಸುಮ್ಮನಾಗುತ್ತದೆ.

ವೆಬ್ ಸರ್ವರಿಗೆ ಏನೇನು ಕಾಣುತ್ತದೆ ಎಂದು ತೋರಿಸುವ ಚಿಕ್ಕ ಪುಟ ಮಾಡಿ ನೋಡಿದೆ. ನಾಲ್ಕಾರು ಸಾಲು ಬಂದವು. ನಮಗೆ ಬೇಕಾದ ಎರಡೂ ಇರಲಿಲ್ಲ. ಅವನ್ನು ವೆಬ್ ಸರ್ವರಿನ ಫೈಲಿನಲ್ಲಿ ಬರೆದೆ. ಆದರೂ ಬರಲಿಲ್ಲ. ಊಟದ ಹೊತ್ತು ದಾಟಿ ಹೋಯಿತು. ಒಂದು ಅಕ್ಷರ ತಪ್ಪಿರಬೇಕೆಂದು ಹುಡುಕಿ ಹುಡುಕಿ ಕಣ್ಣು ಉರಿ ಬಂತು. ತಪ್ಪು ಇರಲಿಲ್ಲ. ಸರ್ವರ್ ಓಡುತ್ತಿರುವಾಗಲೇ ಫೈಲ್ ಮತ್ತೆ ಓದು ಎಂದು ಹೇಳುತ್ತಿದ್ದೆ, ಅಷ್ಟು ಸಾಲದು. ಒಮ್ಮೆ ಶುರುವಾದ ಮೇಲೆ ಅದು ಹೊಸದಾಗಿ ಏನನ್ನೂ ಕೇಳಿಕೊಳ್ಳುವುದಿಲ್ಲ. ಪೂರ್ತಿ ನಿಲ್ಲಿಸಿ ಮೊದಲಿನಿಂದ ಎಬ್ಬಿಸಬೇಕು. ನಿಲ್ಲಿಸಿದೆ, ಎಬ್ಬಿಸಿದೆ, ಗುಂಡಿ ಒತ್ತಿದೆ.

ಫೋನ್ ಸದ್ದು ಮಾಡಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ಬಂತು.

ಮಷಿನ್ ಬಂದ ದಿನದಿಂದ ನಿನ್ನೆಯ ತನಕ ಈ ಪುಟದಿಂದ ಯಾರಿಗೂ ಒಂದೂ ಸಂದೇಶ ಹೋಗಿಲ್ಲ. ಬಾಳಮ್ಮ ಹೇಳಿದ್ದು ಖರೆ.

ಜೂನ್ ೧೨, ಗುರುವಾರ

ಮುಂಜಾನೆ ಮೊದಲು ಪೂನಂಗೆ ಹೇಳಿದೆ. ಅವಳು ಗೋಡೆಗೆ ಒರಗಿ ನಿಂತಳು. ಆಮೇಲೆ ಸರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬೇಮಳಖೇಡಕ್ಕೆ ಯಾರಾದರೂ ಹೋಗಿ ತಿಳಿಸಬೇಕು ಎಂದೂ ಹೇಳಿದೆ. ಧರ್ಮೇಂದ್ರ ಸರ್ ಬಾಗಿಲು ಹಾಕಿಸಿದರು. ಈಗ ಸರಿಯಾಗಿದೆಯೇ ಎಂದು ಕೇಳಿದರು. ಆಗಿದೆ ಎಂದೆ.

"ಆತಲ್ಲ, ಮುಗೀತು. ಹೋದ ಮನುಷ್ಯ ವಾಪಸ್ ಬರಂಗಿಲ್ಲ. ಇಲ್ಲಿ ಇನ್ನೂ ಎಷ್ಟ ಮಂದಿ ಬದುಕಾಕತ್ತಾರ ನೋಡು. ಈ ಕೇಂದ್ರ ಬಂದ್ ಆತಂದ್ರ ಅವರು ಎಲ್ಲಿಗಿ ಹೋಗ್ಬೇಕು?"

ನಾನು ಏಳುವಾಗ ಅವರು ಇನ್ನೊಂದು ಮಾತು ಹೇಳಿದರು. ಎಲ್ಲ ಬರೋಬ್ಬರಿ ಇದೆ ಎಂದು ಸಹಿ ಹಾಕಿದವಳು ನೀನು, ನೆನಪಿರಲಿ. ಗಟ್ಟಿಯಾಗಿ ಹೇಳಲಿಲ್ಲ, ಮೆತ್ತಗೆ ಹೇಳಿದರು. ಫಾಜಿಲ್‌ಗೆ ಫೋನ್ ಮಾಡಿದೆ. ಟೆಸ್ಟ್ ನೀವೇ ಮಾಡಿದ್ದಿರಲ್ಲ ಎಂದು ಅವನೂ ಅದನ್ನೇ ಅಂದ.

ಇನ್ನೊಂದು ಸಂಗತಿ ಮಧ್ಯಾಹ್ನ ಕಂಡಿತು. ಪಾಳಿಯ ಹಿಂದಿನ ಸಂಜೆ ಪುಟ ತಾನಾಗಿ ಎಲ್ಲರಿಗೂ ನೆನಪಿನ ಸಂದೇಶ ಕಳಿಸುತ್ತದೆ. ಗುರುವಾರದ ಪಾಳಿಯಿಂದ ಮಡೆಪ್ಪನ ಹೆಸರನ್ನು ಯಾರೂ ತೆಗೆದಿರಲಿಲ್ಲ. ನಾನು ಸರಿ ಮಾಡಿದ ಮೇಲೆ ಮೊದಲು ಹೋದ ಸಂದೇಶಗಳಲ್ಲಿ ಒಂದು ಅವನಿಗೆ ಹೋಗಿದೆ. ನಾಳೆ ನಿಮ್ಮ ಪಾಳಿ, ಮುಂಜಾನೆ ಬೇಗ ಬನ್ನಿರಿ.

ಹೆಸರು ತೆಗೆದೆ.

ಜೂನ್ ೧೪, ಶನಿವಾರ

ಮಳೆ. ಏನೂ ಇಲ್ಲ. ಪೂನಂ ಈಗ ಸಂದೇಶ ಕಳಿಸಿದ ಮೇಲೆ ಪ್ರತಿಯೊಬ್ಬರಿಗೂ ಫೋನ್ ಮಾಡಿ ಕೇಳುತ್ತಾಳೆ. ನನ್ನನ್ನು ನೋಡಿದರೆ ಮುಖ ತಿರುಗಿಸುವುದಿಲ್ಲ, ಮಾತನ್ನೂ ಆಡುವುದಿಲ್ಲ.

ಜೂನ್ ೧೯, ಗುರುವಾರ

ಬಾಳಮ್ಮ ಬಂದಿದ್ದರು.

ಗಂಡನ ಕಾಗದಪತ್ರ ಒಯ್ಯಲು ಬಂದಿದ್ದರು. ಪೂನಂ ಒಳಗೆ ಹುಡುಕುತ್ತಿದ್ದಳು. ಬಾಳಮ್ಮ ನನ್ನ ಕೋಣೆಗೆ ಬಂದು, ಕರೆಯದೆ, ಬಾಗಿಲ ಹತ್ತಿರ ನೆಲದ ಮೇಲೆ ಕುಳಿತರು. ಕುರ್ಚಿ ತೋರಿಸಿದೆ. ಬೇಡ ಎಂದರು. ಸೆರಗಿನಿಂದ ಫೋನ್ ತೆಗೆದು ನನ್ನ ಕಡೆ ಹಿಡಿದರು.

"ಬಾಜೂ ಮನೀಯವರು ಓದಿ ಹೇಳಿದ್ರು ಮೇಡಂ. ಪಾಳಿ ಅದ ಬರ್ರಿ ಅಂತ ಇದರಾಗ ಅದಂತ. ನೀವು ಅವತ್ತ ಹೇಳಿದ್ರಿ, ನೀವೇ ನೋಡಿಲ್ಲ ಅಂತ. ಇದೇ ಏನ್ರಿ ಆ ಮೆಸೇಜ್?"

ಫೋನ್ ತೆಗೆದುಕೊಂಡು ನೋಡಿದೆ. ಹನ್ನೊಂದನೆಯ ತಾರೀಖಿನದು. ಸರ್ವರ್ ಸರಿ ಮಾಡಿದ ದಿನ ಹೋದದ್ದು. ಬಾಜೂ ಮನೆಯವರು ಒಳಗಿನ ಮಾತಷ್ಟನ್ನೇ ಓದಿದ್ದಾರೆ, ತಾರೀಖು ಯಾರೂ ನೋಡಿಲ್ಲ.

ಬಾಳಮ್ಮ ಮಾತಾಡುತ್ತಲೇ ಇದ್ದರು. ಮಗ ಅನೀಲಕುಮಾರ ಈಗ ಅವರ ಕೂಡ ಮಾತಾಡುವುದಿಲ್ಲವಂತೆ. ಮನೆಯಲ್ಲಿ ಉಣ್ಣುವುದಿಲ್ಲವಂತೆ. ಫೋನ್ ನಿನ್ನ ಸೆರಗಿನಲ್ಲಿತ್ತು, ಅಪ್ಪನನ್ನು ನೀನೇ ಕೊಂದೆ ಎಂದು ನಾಲ್ಕು ಮಂದಿಯ ನಡುವೆ ಅಂದನಂತೆ.

ಧರ್ಮೇಂದ್ರ ಅವರು ಬಾಗಿಲಾಚೆ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

"ಇದೇ ಏನ್ರಿ?" ಎಂದು ಬಾಳಮ್ಮ ಮತ್ತೆ ಕೇಳಿದರು.

"ಹೌದ್ರಿ" ಎಂದೆ.

ಅವರು ಅಳಲಿಲ್ಲ. ತಲೆ ಆಡಿಸಿದರು. ಫೋನ್ ಇಸಿದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡು, ಗೋಡೆ ಹಿಡಿದು ಎದ್ದರು.

ಜೂನ್ ೨೦, ಶುಕ್ರವಾರ

ಕೆಲಸಕ್ಕೆ ಹೋಗಿ ಬಂದೆ.

ಜೂನ್ ೨೧, ಶನಿವಾರ

ಅಮ್ಮಿ ಇವತ್ತು ನನ್ನ ಮುಂದೆ ತಟ್ಟೆ ಇಟ್ಟು ಎದುರಿಗೇ ಕುಳಿತಳು. ಎರಡು ದಿನದಿಂದ ಉಣ್ಣುತ್ತಿಲ್ಲ, ಏನಾಗಿದೆ ನಿನಗೆ ಎಂದು ಕೇಳಿದಳು. ಹೇಳಿದೆ. ಸರ್ವರ್, ವೇರಿಯಬಲ್ ಅವಳಿಗೆ ತಿಳಿಯುವ ಸಂಗತಿಯಲ್ಲ, ಅದಕ್ಕೆ ಬಾಳಮ್ಮನವರು ಕೇಳಿದ್ದು, ನಾನು ಸುಳ್ಳು ಹೇಳಿದ್ದು, ಅಷ್ಟನ್ನೇ ಹೇಳಿದೆ. ಅಮ್ಮಿ, ಆ ಹೆಂಗಸಿಗೆ ಎಷ್ಟು ಮಕ್ಕಳು ಎಂದು ಕೇಳಿದಳು. ಒಬ್ಬನೇ ಮಗ ಎಂದೆ. ಹಾಗಾದರೆ ಒಬ್ಬನೇ ಇರುವುದು, ಅವನನ್ನೂ ನೀವು ಕಸಿದುಕೊಂಡಿರಿ ಎಂದಳು. ತಟ್ಟೆ ಎತ್ತಿಕೊಂಡು ಹೋದಳು.

ನಾನು ಆ ರೀತಿ ಯೋಚಿಸಿರಲಿಲ್ಲ.

ಜೂನ್ ೨೨, ಭಾನುವಾರ

ಬೇಮಳಖೇಡಕ್ಕೆ ಹೋಗಿ ಬಂದೆ. ಹುಮನಾಬಾದಿಗೆ ಒಂದು ಬಸ್ಸು, ಅಲ್ಲಿಂದ ಚಿಟಗುಪ್ಪ, ಅಲ್ಲಿಂದ ಟಂಟಂ ಆಟೋ. ಮನೆಯಲ್ಲಿ ಕಚೇರಿಯ ಕೆಲಸ ಎಂದು ಹೇಳಿ ಹೊರಟಿದ್ದೆ. ಅಮ್ಮಿ ನಂಬಲಿಲ್ಲ, ಬುತ್ತಿಯನ್ನೂ ಕಟ್ಟಲಿಲ್ಲ, ಬಾಗಿಲ ತನಕ ಮಾತ್ರ ಬಂದಳು.

ಮಡೆಪ್ಪನವರ ಮನೆ ಎಂದು ಕೇಳಿದರೆ ತೋರಿಸಿದರು. ಬಾಳಮ್ಮ ಎಮ್ಮೆಗೆ ಕಣಿಕಿ ಹಾಕುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು.

"ನೀವ್ಯಾಕ ಬಂದ್ರಿ ಮೇಡಂ ಇಷ್ಟ ದೂರ? ಕಾಗದ ಏನರ ಉಳದಾವೇನು?"

ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕು ಎಂದು ಹೊಂದಿಸಿಕೊಂಡು ಬಂದಿದ್ದೆ. ಅದೆಲ್ಲ ಮರೆತುಹೋಯಿತು.

"ಅಮ್ಮ, ಆ ಮೆಸೇಜ್ ನಿಮಗ ಬಂದೇ ಇಲ್ರಿ. ನಾವು ಕಳಸೇ ಇಲ್ಲ. ನಮ್ಮ ಮಷಿನ್ ಕೆಟ್ಟಿತ್ತು, ಕಳಸದೇನೇ ಕಳಸೀನಿ ಅಂತ ಬರ್ಕೊಂಡಿತ್ತು. ನೀವು ತಂದ ತೋರಿಸಿದ್ದು ಅವರು ಹೋದ ಮ್ಯಾಲ ಬಂದದ್ದು."

ಅವರು ಕೈಯಲ್ಲಿದ್ದ ಕಣಿಕಿಯನ್ನು ಎಮ್ಮೆಯ ಮುಂದೆ ಹಾಕಿದರು. ಉಳಿದದ್ದನ್ನೂ ಹಾಕಿದರು. ಕೈ ಝಾಡಿಸಿಕೊಂಡರು.

"ನಾ ಫೋನ್ ತಂದು ಕೇಳಿದಾಗ ನಿಮಗ ಇದು ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಗೊತ್ತಿದ್ದೂ ಹೌದ ಅಂದಿ."

ಹೆದರಿಕೆಯಾಗಿತ್ತು ಎಂದು ಹೇಳಬಹುದಿತ್ತು. ಅವರ ಮುಂದೆ ನಿಂತು ಅದನ್ನು ಹೇಳಲು ಬಾಯಿ ಬರಲಿಲ್ಲ.

"ನಡಿ" ಎಂದರು. "ನನ್ನ ಮಗನ ಮುಂದ ಹೇಳು."

ಮುಂದೆ ಅವರು, ಹಿಂದೆ ನಾನು. ಹಾಲಿನ ಡೇರಿಯ ಕಟ್ಟೆಯ ಮೇಲೆ ಮಂದಿ ಕುಳಿತಿದ್ದರು. ಅನೀಲಕುಮಾರ ಅಲ್ಲೇ ಕ್ಯಾನು ತೊಳೆಯುತ್ತಿದ್ದ. ಮನೆಗೆ ಕರೆದು ಮಾತಾಡೋಣ ಎಂದೆ. ಬಾಳಮ್ಮ ತಿರುಗಿಯೂ ನೋಡಲಿಲ್ಲ.

"ಇಲ್ಲೇ ಹೇಳು. ಅವ ನನಗ ಅಂದದ್ದೂ ಇಲ್ಲೇ."

ಹೇಳಿದೆ. ನನ್ನ ಹೆಸರು, ನಾನು ಎಲ್ಲಿ ಕೆಲಸ ಮಾಡುತ್ತೇನೆ, ಏನಾಯಿತು, ನನಗೆ ಯಾವಾಗ ತಿಳಿಯಿತು, ತಿಳಿದ ಮೇಲೆ ನಾನು ಏನು ಮಾಡಿದೆ, ಎಲ್ಲ ಹೇಳಿದೆ. ಕಟ್ಟೆಯ ಮೇಲಿನವರ ಬೀಡಿಗಳು ಆರಿಹೋಗಿದ್ದವು. ಅನೀಲಕುಮಾರ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನ್ ತೆಗೆದ. ನನ್ನ ಮುಖಕ್ಕೆ ಹಿಡಿದು, "ಇನ್ನೊಮ್ಮೆ ಹೇಳ್ರಿ, ಮೊದಲಿಂದ" ಎಂದ. ಅವನ ದನಿ ಒಡೆದಿತ್ತು. ಇನ್ನೊಮ್ಮೆ ಹೇಳಿದೆ. ಮಡೆಪ್ಪನವರು ಆ ಗುರುವಾರ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕುಳಿತಿದ್ದರು ಎಂದು ಅವನು ಕೇಳಿದ. ಅದು ನನಗೆ ಗೊತ್ತಿರಲಿಲ್ಲ. ನಾನು ಅವರ ಕಡೆ ಹೋಗಿ ನೋಡಿಯೇ ಇರಲಿಲ್ಲ.

ಮುಗಿಸಿ ನೋಡುವಷ್ಟರಲ್ಲಿ ಬಾಳಮ್ಮ ಹೊರಟುಹೋಗಿದ್ದರು. ಮಗ ಅವರ ಹಿಂದೆ ಓಡಿದ. ನಾನು ಟಂಟಂ ಬರುವ ತನಕ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ, ಯಾರೂ ನೀರು ಕೊಡಲಿಲ್ಲ.

ಜುಲೈ ೧, ಮಂಗಳವಾರ

ಅನೀಲಕುಮಾರ ತೆಗೆದ ವಿಡಿಯೋ ಎಲ್ಲರ ಫೋನಿಗೂ ಬಂದಿದೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಅದನ್ನೇ ಹಚ್ಚಿದ್ದರು. ನನ್ನ ದನಿ ನನಗೇ ಕೇಳಿಸಿತು.

ಧರ್ಮೇಂದ್ರ ನನ್ನನ್ನು ಒಳಗೆ ಕರೆದ, ಕುಳ್ಳಿರಿಸಲಿಲ್ಲ. ಇವತ್ತಿನಿಂದ ಬರಬೇಡ ಎಂದ. ತಪ್ಪು ಇವಳ ಪರೀಕ್ಷೆಯದು, ಸಂಸ್ಥೆಗೆ ಏನೂ ಗೊತ್ತಿರಲಿಲ್ಲ ಎಂದು ಟ್ರಸ್ಟಿನವರಿಗೆ ಹೇಳಿದ್ದಾನಂತೆ. ಪರೀಕ್ಷೆ ನನ್ನದೇ. ಗೊತ್ತಿರಲಿಲ್ಲ ಎನ್ನುವುದು ಸುಳ್ಳು. ಎರಡನ್ನೂ ಅವನ ಮುಂದೆಯೇ ಹೇಳಿದೆ. ಅವನು ಕಿಟಕಿಯ ಕಡೆ ನೋಡಿದ.

ಹೋಗುವ ಮುಂಚೆ ಸರ್ವರಿನ ಫೈಲಿನಲ್ಲಿ ಎರಡು ವೇರಿಯಬಲ್ ಎಲ್ಲಿವೆ, ಬದಲಿಸಿದರೆ ಏನು ಮಾಡಬೇಕು ಎಂದು ಕನ್ನಡದಲ್ಲಿ ಬರೆದು ಪೂನಂ ಕೈಗೆ ಕೊಟ್ಟೆ. ಕಳುಹಿಸಲಾಗಿದೆ ಎಂದು ಬಂದರೆ ನಂಬಬೇಡ, ಫೋನ್ ಮಾಡಿ ಕೇಳು ಎಂದೂ ಬರೆದೆ. ಅವಳು ಗೇಟಿನ ತನಕ ಬಂದಳು. ವಿಚಾರಣೆ ಆದರೆ ನಾನೂ ಬಂದು ಹೇಳುತ್ತೇನೆ ಎಂದಳು. ಅವಳಿಗೆ ಮನೆಯಲ್ಲಿ ಎರಡು ಕೂಸುಗಳಿವೆ. ಬೇಡ ಎನ್ನಬೇಕಿತ್ತು. ಅನ್ನಲಿಲ್ಲ.

ಜುಲೈ ೪, ಶುಕ್ರವಾರ

ವಿಚಾರಣೆಗೆ ಬಂದು ಸಾಕ್ಷಿ ಹೇಳಲು ನನಗೆ ನೋಟಿಸ್ ಬಂದಿದೆ. ಭಾಯಿ ಮೋರಖಂಡಿಯವರನ್ನು ಕರೆಯುತ್ತೇನೆ ಎಂದ. ಈಗ ಕೆಲಸದ ನೆಪವೂ ಇಲ್ಲವಲ್ಲ ಎಂದ. ಅಮ್ಮಿ ಒಳಗಿನಿಂದಲೇ, ಅವಳ ಸಾಕ್ಷಿ ಮುಗಿಯಲಿ, ಅಲ್ಲಿಯ ತನಕ ಈ ಮನೆಗೆ ಯಾರೂ ಬರುವ ಹಾಗಿಲ್ಲ ಎಂದಳು. ಅಮ್ಮಿ ಭಾಯಿಯ ಮಾತಿಗೆ ಎದುರಾಡಿದ್ದು ನಾನು ಕಂಡದ್ದೇ ಇಲ್ಲ.

ಜುಲೈ ೧೬, ಬುಧವಾರ

ಅನೀಲಕುಮಾರ ಕೊಟ್ಟ ಅರ್ಜಿಯ ಮೇಲೆ ಇವತ್ತು ಹುಮನಾಬಾದಿನ ಆರೋಗ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಣೆ ಆಯಿತು. ದೊಡ್ಡ ಮೇಜು, ಆಚೆ ಅಧಿಕಾರಿ ಮತ್ತು ಗುಮಾಸ್ತ. ಒಂದು ಕಡೆ ಧರ್ಮೇಂದ್ರ, ಅವನ ವಕೀಲ. ಇನ್ನೊಂದು ಕಡೆ ಬಾಳಮ್ಮ, ಅವರ ಮಗ. ನನಗೆ ಯಾವ ಕಡೆ ಕುಳಿತುಕೊಳ್ಳಬೇಕೋ ತಿಳಿಯಲಿಲ್ಲ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಳಿತೆ.

ವಕೀಲ ನನ್ನ ಸಹಿ ತೋರಿಸಿದ. ನನ್ನದೇ ಎಂದೆ. ಕಪ್ಪು ಪರದೆಯಿಂದ ಪರೀಕ್ಷೆ ಮಾಡಿದೆ, ಪುಟದಿಂದ ಮಾಡಲಿಲ್ಲ, ಮಾಡಬೇಕಿತ್ತು ಎಂದೆ. ದೋಷ ಸಿಕ್ಕ ಮರುದಿನವೇ ಆಡಳಿತಾಧಿಕಾರಿಗೆ ಹೇಳಿದೆ, ಸುಮ್ಮನಿರು ಎಂದರು, ಸುಮ್ಮನಿದ್ದೆ ಎಂದೆ. ಪೂನಂ ನಿಜವಾಗಿಯೂ ಬಂದಿದ್ದಳು. ಸರ್ವರಿ ನನಗೆ ಮುಂಜಾನೆ ಹೇಳಿ ನೇರವಾಗಿ ಅವರ ಕೋಣೆಗೇ ಹೋದಳು, ಬಾಗಿಲು ಹಾಕಿಸಿದ್ದು ನಾನು ನೋಡಿದೆ ಎಂದು ಬರೆಸಿದಳು. ಧರ್ಮೇಂದ್ರ ಆಗ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಅವನನ್ನು ಕೆಲಸದಿಂದ ದೂರ ಇಡುವಂತೆ ಟ್ರಸ್ಟಿಗೆ ಬರೆಯುತ್ತೇವೆ, ಕಂಪನಿಗೂ ನೋಟಿಸ್ ಹೋಗುತ್ತದೆ, ಕೇಂದ್ರ ಬಂದ್ ಮಾಡುವುದಿಲ್ಲ ಎಂದು ಅಧಿಕಾರಿ ಹೇಳಿದರು.

ಕೊನೆಗೆ ಅವರು ಬಾಳಮ್ಮನವರ ಕಡೆ ತಿರುಗಿದರು. ಈ ಹುಡುಗಿ ತಾನಾಗಿ ಬಂದು ಖರೆ ಹೇಳಿದ್ದಾಳೆ, ಇವಳ ಮೇಲೂ ನಿಮ್ಮ ದೂರು ಇದೆಯೇ, ಇವಳ ಹೆಸರು ಬಿಡಬೇಕೇ ಎಂದು ಕೇಳಿದರು. ಅನೀಲಕುಮಾರ ಏನೋ ಹೇಳಲು ಹೋದ. ಬಾಳಮ್ಮ ಅವನ ಮೊಣಕೈ ಮುಟ್ಟಿ ಸುಮ್ಮನಾಗಿಸಿದರು. ನನ್ನನ್ನು ನೋಡಿದರು. ಫ್ಯಾನಿನ ಗಾಳಿಗೆ ಗುಮಾಸ್ತನ ಕಾಗದ ಹಾರುತ್ತಿತ್ತು, ಅವನು ಅಂಗೈಯಿಂದ ಒತ್ತಿ ಹಿಡಿದಿದ್ದ.

"ಬರ್ಕೋರಿ ಸಾಹೇಬ್ರ. ಈಕಿ ಹೆಸರೂ ಬರ್ಕೋರಿ."

ಗುಮಾಸ್ತ ಬರೆದುಕೊಂಡ. ನಾನು ಹೆಸರು ಸರಿಯಾಗಿ ಬರೆದಿದ್ದಾನೆಯೇ ಎಂದು ನೋಡಿ ಸಹಿ ಹಾಕಿದೆ.

ಹೊರಗೆ ಬಂದಾಗ ಬಿಸಿಲಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಂಪೌಂಡಿನ ಗೋಡೆಯ ನೆರಳಿನಲ್ಲಿ ತಾಯಿ ಮಗ ಬುತ್ತಿ ಬಿಚ್ಚಿದ್ದರು. ಮಗ ತಾಯಿಯ ಕೈಯ ರೊಟ್ಟಿ ಮುರಿದು ತಿನ್ನುತ್ತಿದ್ದ. ನಾನು ತಲೆ ತಗ್ಗಿಸಿ ಅವರನ್ನು ದಾಟಿಕೊಂಡು ಹೊರಟೆ.

"ಏ, ಇಲ್ಲಿ ಬಾ" ಎಂದು ಬಾಳಮ್ಮ ಕರೆದರು. "ಮುಂಜಾನಿಂದ ಏನರ ತಿಂದೀಯೇನು?"

ಇಲ್ಲ ಎಂದೆ.

ಅವರು ಒಂದು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೊಟ್ಟರು. ಮುಖ ಮೆತ್ತಗಾಗಿರಲಿಲ್ಲ. ಕೊಟ್ಟು, ಮತ್ತೆ ಮಗನ ಕಡೆ ತಿರುಗಿ ಕುಳಿತರು. ನಾನು ಸ್ವಲ್ಪ ದೂರದಲ್ಲಿ, ಅದೇ ನೆರಳಿನಲ್ಲಿ ಕುಳಿತೆ. ಹಸಿವಾಗಿತ್ತು. ತಿಂದೆ.